ಗಾಳಿ ನಿಂತಾಗ ಹೋದವನು

ಕೂತ್ಕೋ ಅಂದೆ ಕಣೋ! ಕೂತ್ಕೋ ಮೊದಲು... ಬಾಗಿಲ ಹತ್ರ ಬರಬೇಡ. ಏನು ಹಾಗೆ ನೋಡ್ತೀಯ? ಮುದುಕಿ, ಒಣಮೀನಿನ ಹಾಗಿದಾಳೆ, ಎತ್ತಿ ಪಕ್ಕಕ್ಕಿಟ್ಟು ಹೋಗಬಹುದು ಅಂತ ತಾನೆ? ಎತ್ತು ನೋಡೋಣ. ಈ ಸಬ್ತಾಂಗ್ ದ್ವೀಪದಲ್ಲಿ ಇಸಿದ್ರಾಳನ್ನ ಕೂತ ಜಾಗದಿಂದ ಎಬ್ಬಿಸೋ ಗಂಡಸು ಇನ್ನೂ ಹುಟ್ಟಿಲ್ಲ. ಬೇಕಾದ್ರೆ ನನ್ನ ಗಂಡನ್ನ ಕೇಳು...

ಎಲ್ಲಿ ಅಂದ್ರೆ? ಆಗಲೇ ಹೇಳಿದೆನಲ್ಲ! ಡೆಲ್ಫಿನ್ ಅಡುಗೆಮನೇಲಿದಾನೆ. ಗಾಳಿ ನಿಂತಿತ್ತಲ್ಲ, ಆಗ ಒಲೆ ನೋಡ್ಕೊಂಡು ಬರ್ತೀನಿ ಅಂತ ಹಿತ್ತಲಿಗೆ ಹೋದ. ಅಷ್ಟರಲ್ಲಿ ಗಾಳಿ ತಿರುಗಿತು, ಅಲ್ಲೇ ಸಿಕ್ಕಿಹಾಕ್ಕೊಂಡ. ನಮ್ಮ ಕಡೆ ಅಡುಗೆಮನೆ ಬೇರೇನೇ ಇರೋದು. ಬಂದ ದಿನ ನೀನೇ ನಗಾಡಿದೆ, ಉಣ್ಣೋಕೆ ಅಂಗಳ ದಾಟಬೇಕಾ ಅಜ್ಜಿ ಅಂತ. ಅದೂ ಕಲ್ಲಿನದೇ, ಗೋಡೆ ಇಷ್ಟೇ ದಪ್ಪ. ಬೆಚ್ಚಗೆ ಕೂತು, ನಾನು ಬೇಯಿಸಿಟ್ಟ ಗೆಣಸೆಲ್ಲ ಒಬ್ಬನೇ ಮುಕ್ಕುತ್ತಿರ್ತಾನೆ. ನಮಗೆ ಒಂದೂ ಉಳಿಸಲ್ಲ, ನೋಡ್ತಿರು.

ಯಾಕೆ ನಗಲ್ಲ? ನಿನ್ನೆಯೆಲ್ಲ ನಾನು ಅವನನ್ನ ಬೈದಾಗ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ.

ತಲೆ ಒರೆಸ್ಕೋ, ನೀರು ಇಳೀತಿದೆ. ಅಲ್ಲಾ ಜೆರಿಕ್, ಯಾವ ಧೈರ್ಯದ ಮೇಲೆ ಹೊರಗೆ ಕಾಲಿಟ್ಟೆ ನೀನು? ಬಿಸಿಲು ಬಂತು, ಆಕಾಶ ತೊಳೆದಿಟ್ಟ ಹಾಗಾಯ್ತು, ಮುಗೀತು ಅಂದ್ಕೊಂಡೆ! ಒಂದು ಮಾತು ಹೇಳದೆ, ಕೇಳದೆ, ಬಾಸ್ಕೋಗೆ ದೋಣಿ ಬಿಡ್ತಾರಾ ನೋಡೋಣ ಅಂತ ಕಡಲ ಕಡೆಗೆ ಹೊರಟೇಬಿಟ್ಟೆ! ದೋಣಿಗಳನ್ನ ದಡದ ಮೇಲೆ ಎಳೆದು ಬಂಡೆಗೆ ಕಟ್ಟಿಹಾಕಿದ್ದು ನೀನೂ ನೋಡಿದೀಯ. ಹಗ್ಗ ಹಿಡಿಯೋಕೆ ನೀನೂ ಹೋಗಿದ್ದೆ. ನಿನ್ನೊಬ್ಬನಿಗೋಸ್ಕರ ಅದನ್ನ ಬಿಚ್ಚಿ ನೀರಿಗಿಳಿಸ್ತಾರಾ? ಅಲ್ಲಿ ಮನಿಲಾ ವಿಮಾನ ನೀನು ಬರ್ಲಿ ಅಂತ ಕಾಲು ಚಾಚಿ ಕೂತಿದೆಯಾ?

ಅದು ಮುಗಿದಿದ್ದಲ್ಲ ಕಣಪ್ಪಾ. ಅದು ಕಣ್ಣು. ಬಿರುಗಾಳಿಯ ನಡುಮಧ್ಯ. ಅಲ್ಲಿ ಎಲೆ ಅಲ್ಲಾಡಲ್ಲ, ಹಕ್ಕಿ ಕೂಗ್ತವೆ. ಕಣ್ಣು ದಾಟಿತೋ, ಗಾಳಿ ಎದುರು ದಿಕ್ಕಿಂದ ಮತ್ತೆ ಬರತ್ತೆ. ಬೆಳಿಗ್ಗೆ ಗುಡ್ಡದ ಕಡೆಯಿಂದ ಬಂತಲ್ಲ, ಈಗ ಕೇಳು, ಕಡಲ ಕಡೆಯಿಂದ. ಈ ಬಾಗಿಲಿಗೇ ನೇರ. ಗಾಳಿ ನಿಂತಾಗ ನಾವು ಮಾಡೋದು ಇಷ್ಟೇ. ಹಿತ್ತಲ ಕಿಟಕಿಗೆ ಒತ್ತು ಕೊಟ್ಟ ಮರ ತೆಗೆದು ಈ ಬಾಗಿಲಿಗೆ ಕೊಡೋದು, ಸೂರಿನ ಮೇಲೆ ಹಾಸಿರೋ ಹಗ್ಗ ಬಿಗಿಯೋದು, ಒಳಗೆ ಸೇರ್ಕೊಳ್ಳೋದು. ನಮ್ಮ ಮಕ್ಕಳಿಗೆ ಹಲ್ಲು ಮೂಡೋ ಮುಂಚೆ ಇದು ಗೊತ್ತಿರತ್ತೆ.

ಏನು? ಹೇಳಲಿಲ್ಲ ಅಂತೀಯಾ?

...ಹೌದು. ಹೇಳಲಿಲ್ಲ. ಕುಡಿಯೋ ನೀರು ತುಂಬಿಟ್ಕೋ ಅಂದ್ವಿ. ಕರೆಂಟು ಹೋಗೋ ಮುಂಚೆ ಫೋನು ಚಾರ್ಜ್ ಮಾಡ್ಕೋ ಅಂದ್ವಿ. ಕಾಗದಪತ್ರ ಪ್ಲಾಸ್ಟಿಕ್ಕಲ್ಲಿ ಸುತ್ತು, ಬೂಟು ಹಾಕ್ಕೊಂಡೇ ಮಲಗು, ಕಿಟಕಿ ಕೆಳಗೆ ಮಲಗಬೇಡ... ಎಲ್ಲಾ ಹೇಳಿದ್ವಿ. ಇದೊಂದು ಬಿಟ್ಟು. ಇದನ್ನೂ ಹೇಳಬೇಕು ಅಂತ ನಮ್ಮಿಬ್ಬರಿಗೂ ಹೊಳೀಲೇ ಇಲ್ಲ ಕಣೋ. ಬೆಂಕಿ ಸುಡುತ್ತೆ ಅಂತ ಯಾರಾದ್ರೂ ಬೆಳೆದ ಗಂಡಸಿಗೆ ಹೇಳ್ತಾರಾ?

ಏಯ್! ಅದು ಯಾರೂ ಅಲ್ಲ! ಯಾರೂ ಬಾಗಿಲು ಬಡೀತಿಲ್ಲ. ಎಲ್ಲಿಂದಲೋ ಹಾರಿಬಂದ ಕೊಂಬೆ ಇರಬೇಕು. ನೋಡು, ಕಿವಿಗೆ ಹಾಕ್ಕೋ. ಇಂಥ ಗಾಳೀಲಿ ಈ ಊರಲ್ಲಿ ಯಾರೂ ಯಾರ ಬಾಗಿಲೂ ಬಡಿಯಲ್ಲ. ಬಾಗಿಲು ಒಂದು ಗೇಣು ತೆರೆದರೆ ಸಾಕು, ಗಾಳಿ ಒಳಗೆ ನುಗ್ಗಿ ಸೂರನ್ನ ಕೆಳಗಿಂದ ಎತ್ತಿಬಿಡತ್ತೆ, ಹಗ್ಗ ಗಿಗ್ಗ ಯಾವುದೂ ತಡೆಯಲ್ಲ. ಹೊರಗಿದ್ದವನಿಗೂ ಅದು ಗೊತ್ತಿರತ್ತೆ. ಅವನು ಬಡಿಯಲ್ಲ. ಬಾಗಿಲ ಮುಂದೆಯೇ ಬಂದು ಬಿದ್ದಿದ್ರೂ... ಬಡಿಯಲ್ಲ.

ಯಾರ ವಿಷಯ ಹೇಳ್ತಿದೀನಿ ಅಂದ್ರೆ? ಯಾರ ವಿಷಯವೂ ಇಲ್ಲ. ಸುಮ್ನೆ ಹೇಳಿದೆ. ನಿನಗೆ ತಿಳೀಲಿ ಅಂತ.

ನೀನು ಬಂದಾಗ ತೆರೆದೆ, ಹೌದು. ಆಗಿನ್ನೂ ಮೊದಲನೇ ಬೀಸು. ನಿನ್ನ ಪುಣ್ಯ. ಇನ್ನು ಸ್ವಲ್ಪ ತಡ ಮಾಡಿದ್ದಿದ್ರೆ... ಏನು ಕೂಗಿದೆ ನಾನು? ಡೆಲ್ಫಿನ್ ಅಂದೆನಾ? ನಿನ್ನ ಮುಖ ನೋಡಿ? ಇಲ್ಲಪ್ಪಾ... ಅಂದಿದ್ರೂ ಅಂದಿರ್ತೀನಿ. ಬೆಳಗಾದ್ರೆ ಸಂಜೆಯಾದ್ರೆ ಅದೇ ಹೆಸರು ಕೂಗಿ ಕೂಗಿ ನಾಲಿಗೆಗೆ ಅಭ್ಯಾಸ ಆಗಿದೆ. ಕೋಳಿ ಓಡಿಸುವಾಗಲೂ ಅದೇ ಬಾಯಿಗೆ ಬರತ್ತೆ.

ಸರಿ, ಅದಿರಲಿ. ಗೆಣಸಿನ ಹೊಲದ ದಾರೀಲಿ ಬಂದೆ ಅಂದೆಯಲ್ಲ? ಹೋಗೋವಾಗ ಕಡಲ ದಾರಿ, ಬರೋವಾಗ ಹೊಲದ ದಾರಿ. ಯಾಕಪ್ಪಾ? ಹೋದ ದಾರೀಲೇ ಬರೋಕೆ ಏನಾಗಿತ್ತು ನಿನಗೆ?... ಹತ್ತಿರ ಅಂತ. ಹೂಂ, ಹತ್ತಿರವೇ. ಎದುರಿಗೆ ಯಾರೂ ಸಿಗಲಿಲ್ಲ? ಹಿಂದಿಂದ ಯಾರಾದ್ರೂ ಕೂಗಿದ್ದು ಕೇಳಿಸ್ತಾ? ಸರಿಯಾಗಿ ನೆನಪು ಮಾಡ್ಕೋ. ನಿನ್ನ ಹೆಸರು ಹಿಡಿದು ಕೂಗಿದ್ದು?... ಇಲ್ವಾ. ಏನೂ ಇಲ್ಲ, ಯಾಕೂ ಇಲ್ಲ. ಪಕ್ಕದ ಮನೆಯವರ ಹಸು ಬಿಚ್ಕೊಂಡು ಹೋಗಿತ್ತು, ಅದನ್ನ ಹುಡುಕ್ಕೊಂಡು ಯಾರಾದ್ರೂ ಹೋಗಿದ್ರೇನೋ ಅಂತ ಕೇಳಿದೆ.

ಆಮೇಲೆ ಮಳೆ ಬಂದಾಗ ಕಡಲ ದಾರಿ ಕಾಣ್ತಿತ್ತಾ?... ಆಗಲೇ ಕೇಳಿದೆನಾ ಇದನ್ನ? ವಯಸ್ಸಾಯ್ತು ಕಣೋ, ಕೇಳಿದ್ದೇ ಕೇಳ್ತೀನಿ.

ನಿನಗೆ ಇಲ್ಲಿ ಉಸಿರು ಕಟ್ತಿದೆ, ಗೊತ್ತಾಗತ್ತೆ. ನನಗೇನು ಹಬ್ಬವಾ? ಕಿಟಕಿ ಮುಚ್ಚಿದೆ, ಬೆಳಕಿಲ್ಲ, ಮೂಲೇಲಿ ಒದ್ದೆ ಬೂಟಿನ ನಾತ. ಮೇಲೆ ಸೂರು ಹೇಗೆ ನರಳ್ತಿದೆ ನೋಡು. ಆದರೂ ಇಲ್ಲೇ ಬಿದ್ದಿರಬೇಕು. ಫೋನು ಸಾಯೋ ಮುಂಚೆ ನಿಮ್ಮಮ್ಮ ನನ್ನ ಹತ್ರ ಏನಂದ್ಲು ಗೊತ್ತಾ? ಅಜ್ಜೀ, ನನ್ನ ಮಗ ಮಹಾ ಹಠಮಾರಿ, ಕಟ್ಟಿಹಾಕಿಯಾದ್ರೂ ಇಟ್ಕೊಳ್ಳಿ ಅಂದ್ಲು. ಹೂಂ ಅಂದೆ. ಮಾತು ಕೊಟ್ಟಾಯ್ತು. ನೀನು ನಮ್ಮ ಮನೆಗೆ ಬಂದವನು. ನೀನು ಇಲ್ಲಿಂದ ನಡ್ಕೊಂಡು ಹೋಗಬೇಕು, ನಿನ್ನ ಹೊತ್ಕೊಂಡು ಹೋಗೋ ಹಾಗೆ ಆಗಬಾರದು.

ಎಲ್ಲಿಗೆ ಎದ್ದೆ? ಹಿತ್ತಲ ಕಿಟಕಿಗಾ? ಬೇಡ... ಅಯ್ಯೋ, ಬೇಡ ಅಂದೆನಲ್ಲ! ಅವನನ್ನ ಕೂಗಬೇಡ, ಕೇಳಿಸಲ್ಲ. ಅವನು ಅರೆಕಿವುಡ. ನನ್ನ ಬೈಗುಳ ತಾಳಲಾರದೆ ಕಿವುಡಾದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾನೆ, ಅವನ ಬಾಯಿಗಿಷ್ಟು... ಜೆರಿಕ್, ಆ ಬಿರುಕಲ್ಲಿ ಏನೂ ಕಾಣಲ್ಲ. ಬರೀ ಮಳೆ. ಬಾ ಇಲ್ಲಿ. ಜಪಮಾಲೆ ಹಿಡಿದು ಒಂದು ಸುತ್ತು ಹೇಳೋಣ ಬಾ...

ಏನು ಕಾಣಿಸ್ತು?

ಹೊಗೆ ಇಲ್ಲ ಅಂತೀಯಾ? ಈ ಗಾಳೀಲಿ ಹೊಗೆ ನಿಲ್ಲುತ್ತಾ ಹುಚ್ಚಪ್ಪಾ? ಒಲೆ ಆರಿಸಿರ್ತಾನೆ... ಹೊಗೆ ಅಲ್ವಾ? ಮತ್ತೇನು? ಗೋಡೆಗೆ ಹಣೆ ಒತ್ತಿಕೊಂಡು ಯಾಕೋ ಹಾಗೆ ನಿಂತೆ? ತಿರುಗು ಈ ಕಡೆ.

ಅಡುಗೆಮನೆಗೆ ಹೊರಗಿಂದ ಅಗುಳಿ ಹಾಕಿದೆ. ಅಲ್ವಾ?

ನಾನೇ ಹಾಕಿದ್ದು, ಬೆಳಿಗ್ಗೆ. ಒಳಗೆ ಕೋಳಿ ಬಿಟ್ಟು ಯಾರೂ ಇಲ್ಲ.

ಹಾಗೆ ನೋಡಬೇಡ ನನ್ನ. ಹೌದು. ನಿನ್ನ ಹುಡುಕ್ಕೊಂಡೇ ಹೋದ. ಮರ ತಂದು ಬಾಗಿಲಿಗಿಟ್ಟ, ತಿರುಗಿ ನೋಡ್ತಾನೆ, ನಿನ್ನ ಹಾಸಿಗೆ ಖಾಲಿ. ನಾನು ಬೇಡ ಅನ್ನೋ ಅಷ್ಟರಲ್ಲಿ ಮಳೆಗೆ ಹೊದೆಯೋ ತಾಳೆಗರಿಯ ಹೊದಿಕೆ ಹೆಗಲಿಗೆ ಹಾಕ್ಕೊಂಡು ಹೊಸಿಲು ದಾಟಿದ್ದ. 'ಹುಡುಗ ಬಂದ್ರೆ ನಾನು ಹೋಗಿದೀನಿ ಅಂತ ಹೇಳಬೇಡ ಕಣೇ. ಅವನು ಮತ್ತೆ ನನ್ನ ಹುಡುಕ್ಕೊಂಡು ಹೊರಡ್ತಾನೆ, ಆಮೇಲೆ ಇಬ್ಬರೂ ದ್ವೀಪ ಸುತ್ತುತ್ತಾ ಇರಬೇಕಾಗತ್ತೆ' ಅಂತ ನಕ್ಕ. ನಗ್ತಾ ಹೋದ, ಪಾಪಿ! ಗಾಳಿ ತಿರುಗಿದ್ರೆ ಬಾಗಿಲು ಹಾಕು, ನನಗೋಸ್ಕರ ಕಾಯಬೇಡ ಅಂದ. ಗಾಳಿ ತಿರುಗಿತು. ನೀನು ಒಳಗೆ ಬಂದೆ. ನಾನು ಬಾಗಿಲು ಹಾಕಿದೆ. ನನ್ನ ಕೈಯಾರೆ ಹಾಕಿದೆ ಕಣೋ!

ಬೇಡ, ಕಾಲು ಬಿಡು. ಕಾಲು ಹಿಡಿದು ಏನು ಬಂತು? ನಿನ್ನ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗತ್ತೆ. ಇದೆ. ನಿನ್ನ ಒದ್ದೆ ತಲೆ ನೋಡಿದಾಗ, ಇವನ ಬದಲು ಅವನು ಬರಬಾರದಿತ್ತಾ ಅನ್ನಿಸ್ತು. ಅನ್ನಿಸ್ತಪ್ಪಾ, ಏನ್ ಮಾಡ್ಲಿ? ಆಮೇಲೆ ನಿನಗೆ ಟವೆಲ್ ಕೊಟ್ಟೆ.

ಅವನಿಗೆ ಇಲ್ಲಿಯ ಪ್ರತಿ ಕಲ್ಲೂ ಗೊತ್ತು. ಯಾವುದಾದ್ರೂ ಹೊಲದ ಗೋಡೆ ಮರೆಗೆ ಬೋರಲಾಗಿ ಮಲಗಿರ್ತಾನೆ, ಹುಲ್ಲು ಹಿಡ್ಕೊಂಡು. ಮಲಗಿರ್ತಾನೆ. ಮಾತೆ ಮರಿಯಾ, ಮಲಗಿರಲಿ...

ಏಯ್, ಮರಕ್ಕೆ ಯಾಕೆ ಕೈ ಹಾಕಿದೆ? ತೆಗೀಬೇಡ! ತೆಗೆದ್ರೆ ನನ್ನಾಣೆ—

ಓ... ತೆಗೆಯೋಕಲ್ವಾ.

ಬಿಗಿ ಮಾಡ್ತಿದೀಯಾ. ಸಡಿಲ ಆಗಿತ್ತು, ಅಲ್ವಾ?

ಗಾಳಿಗಲ್ಲ ಕಣೋ. ಗಾಳಿ ಒಳಗೆ ತಳ್ಳುತ್ತೆ, ತಳ್ಳಿದಷ್ಟೂ ಈ ಮರ ಬಿಗಿ ಆಗತ್ತೆ. ಅದು ನಾನೇ. ಆಗಿಂದ ನಿನ್ನ ಹತ್ರ ಮಾತಾಡ್ತಾ ಮಾತಾಡ್ತಾ, ಬೆನ್ನ ಹಿಂದೆ ಕೈ ಹಾಕಿ ಅದನ್ನ ಕೀಳ್ತಿದೀನಿ, ಒತ್ತುತಿದೀನಿ, ಮತ್ತೆ ಕೀಳ್ತಿದೀನಿ. ನೀನು ಹೊರಗೆ ಓಡ್ತೀಯ ಅಂತ ನಾನಿಲ್ಲಿ ಕೂತಿಲ್ಲಪ್ಪಾ.

ಬಾ, ಇಲ್ಲಿ ಕೂತ್ಕೋ. ನನ್ನ ಎರಡೂ ಕೈ ಹಿಡ್ಕೋ. ಇನ್ನೂ ಗಟ್ಟಿಯಾಗಿ. ನಾನು ಬೈತೀನಿ, ಕಚ್ಚಿದ್ರೂ ಕಚ್ತೀನಿ. ಗಾಳಿ ಇಳಿಯೋ ತನಕ ಬಿಡಬೇಡ.