ತಂಗಿಯ ಕೈಯಲ್ಲಿದ್ದ ಎರಡು ಎಲೆ

ವೇದಿಕೆಯ ನಡುವಿನ ಮೆತ್ತನೆಯ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಕಾರ್ಖಾನೆಯ ಮ್ಯಾನೇಜರ್ ಸಾಹೇಬರೇ, ಅವರ ಪಕ್ಕದಲ್ಲಿ ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ಮನರಂಜನಾ ಕೂಟದ ಕಾರ್ಯದರ್ಶಿಗಳೇ, ಕಟಿಂಗ್, ಹೊಲಿಗೆ, ಇಸ್ತ್ರಿ, ಪ್ಯಾಕಿಂಗ್ ವಿಭಾಗಗಳಿಂದ ಬಂದು ಹಿಂದಿನ ಸಾಲುಗಳನ್ನೇ ಹುಡುಕಿ ಕುಳಿತಿರುವ ಪ್ರೀತಿಯ ಸಭಿಕರೇ, ಮತ್ತು ಇಂದು ಸನ್ಮಾನ ಸ್ವೀಕರಿಸಲೆಂದು ಹೊಸ ಚಪ್ಪಲಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕುಳಿತಿರುವ, ನನ್ನ ಬೆನ್ನಿಗೆ ಬಿದ್ದ ತಂಗಿಯೇ,

ಕಾರ್ಯದರ್ಶಿಗಳು ನನ್ನ ಕೈಗೊಂದು ಚೀಟಿ ಕೊಟ್ಟಿದ್ದಾರೆ. ಅದರಲ್ಲಿ ಎರಡು ಕೆಲಸ ಬರೆದಿದೆ. ಒಂದು, ಇಸ್ಪೀಟಿನ ಪೋಕರ್ ಆಟದಲ್ಲಿ ದುರ್ಬಲರನ್ನೂ ಬಲಶಾಲಿಗಳನ್ನೂ ಯಾವ ಯಾವ ಅಡ್ಡಹೆಸರಿನಿಂದ ಕರೆಯುತ್ತಾರೆ ಎಂದು ಕೂಟದ ಹೊಸ ಸದಸ್ಯರಿಗೆ ವಿವರಿಸುವುದು. ಇನ್ನೊಂದು, ಈ ವರ್ಷದ ಕಪ್ ಅನ್ನು ನನ್ನ ತಂಗಿಗೆ ಕೊಡುವುದು. ಏಳು ವರ್ಷ ಈ ಕಪ್ ಇದ್ದದ್ದು ನನ್ನ ಮನೆಯಲ್ಲಿ, ಟಿವಿ ಪಕ್ಕದಲ್ಲಿ. ಇವತ್ತು ಬೆಳಿಗ್ಗೆ ನಾನೇ ಒರೆಸಿ, ಬಟ್ಟೆಯಲ್ಲಿ ಸುತ್ತಿ ತಂದೆ. ನನಗೆ ಹೊಟ್ಟೆಕಿಚ್ಚಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊಸಬರಿಗೆ ಆಟವನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಪ್ರತಿಯೊಬ್ಬರಿಗೂ ಎರಡು ಎಲೆ, ಬೇರೆಯವರಿಗೆ ಕಾಣದಂತೆ. ಮೇಜಿನ ನಡುವೆ ಐದು ಎಲೆ, ಎಲ್ಲರಿಗೂ ಕಾಣುವಂತೆ. ಈ ಏಳರಲ್ಲಿ ಯಾರ ಐದು ಎಲೆ ಮೇಲೋ ಅವರದೇ ಗೆಲುವು. ನಿಮ್ಮ ಎಲೆ ಚೆನ್ನಾಗಿದ್ದರೆ, ಅಥವಾ ಚೆನ್ನಾಗಿದೆ ಎಂದು ಎದುರಿನವರನ್ನು ನಂಬಿಸಬೇಕಿದ್ದರೆ, ಪಣ ಏರಿಸುತ್ತೀರಿ. ಎದುರಿನವರೂ ಅಷ್ಟೇ ಪಣ ಇಟ್ಟರೆ ಅದು ‘ಕಾಲ್’. ಕೊನೆಯ ಕಾಲ್ ಆದಮೇಲೆ ಎಲೆ ತೋರಿಸಲೇಬೇಕು. ಅವರು ಎಲೆ ಕೆಳಗಿಟ್ಟು ಬಿಟ್ಟುಕೊಟ್ಟರೆ ಗೆದ್ದವರು ತಮ್ಮ ಎಲೆ ತೋರಿಸಬೇಕಾಗಿಲ್ಲ. ಈ ಕೊನೆಯ ನಿಯಮ ಮಾಡಿದವರಿಗೆ ಒಡಹುಟ್ಟಿದವರು ಇರಲಿಲ್ಲವೆಂದು ಕಾಣುತ್ತದೆ. ನಾವು ಹಣ ಇಟ್ಟು ಆಡುವುದಿಲ್ಲ, ಮ್ಯಾನೇಜರ್ ಸಾಹೇಬರು ಗಾಬರಿಯಾಗಬಾರದು. ಬಣ್ಣ ಹೊಂದದೆ ಉಳಿದ ಅಂಗಿ ಗುಂಡಿಗಳೇ ನಮ್ಮ ಪಣ.

ಈಗ ಹೆಸರುಗಳಿಗೆ ಬರೋಣ. ‘ಫಿಶ್’ ಅಂದರೆ ಮೀನು. ಆಟ ಗೊತ್ತಿಲ್ಲದೆ ಮೇಜಿಗೆ ಬಂದು ಕುಳಿತ ಅಮಾಯಕರಿಗೆ ಆ ಹೆಸರು. ಅವರ ಗುಂಡಿಗಳು ಉಳಿದವರ ಪಾಲು. ಅವರನ್ನು ನುಂಗುವವರು ‘ಶಾರ್ಕ್’. ಶಾರ್ಕ್ ಸುಮ್ಮನೆ ಸುತ್ತುತ್ತದೆ, ಕಾಯುತ್ತದೆ, ಸಮಯ ನೋಡಿ ಬಾಯಿ ಹಾಕುತ್ತದೆ. ಮೂರು ವರ್ಷದ ಹಿಂದೆ ನನ್ನ ತಂಗಿ ಶುದ್ಧ ಮೀನು. ರಾಜನಿಗಿಂತ ಎಕ್ಕ ದೊಡ್ಡದು ಎಂದಾಗ, “ಒಂದು ಅನ್ನೋದು ರಾಜನಿಗಿಂತ ದೊಡ್ಡದಾ? ಯಾರಕ್ಕಾ ಹಾಗಂದಿದ್ದು?” ಎಂದು ಬಿದ್ದು ಬಿದ್ದು ನಕ್ಕವಳು. ಅವಳಿಗೆ ಕಲಿಸಿದವರು ಯಾರು? ಮಧ್ಯಾಹ್ನದ ಬಿಡುವಿನಲ್ಲಿ ತನ್ನ ಊಟದ ಡಬ್ಬಿ ಆರಿಹೋಗುತ್ತಿದ್ದರೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ಯಾರು? ಗುರುವಿಗೇ ತಿರುಮಂತ್ರ ಎನ್ನುತ್ತಾರಲ್ಲ, ಅದು ಯಾಕೋ ಈಗ ನೆನಪಾಯಿತು, ಅಷ್ಟೇ.

ಮುಂದಿನದು ‘ರಾಕ್’, ಬಂಡೆ. ನಮ್ಮ ಇಸ್ತ್ರಿ ವಿಭಾಗದ ಹಿರಿಯರು ಬಂಡೆ. ಎಕ್ಕದ ಜೋಡಿ ಬರುವ ತನಕ ಅಲ್ಲಾಡುವುದಿಲ್ಲ. ಅವರು ಒಂದು ಗುಂಡಿ ಮುಂದೆ ತಳ್ಳಿದರೆ ಸಾಕು, ಮಿಕ್ಕವರೆಲ್ಲ ಎಲೆ ಬಿಸಾಡಿ ಚಹಾ ಕುಡಿಯಲು ಹೋಗುತ್ತಾರೆ. ಅದಕ್ಕೆ ತದ್ವಿರುದ್ಧ ‘ಮೇನಿಯಾಕ್’, ತಲೆಕೆಟ್ಟವರು. ಎಲೆ ಏನೇ ಬರಲಿ, ಪಣ ಏರಿಸುವುದೇ. ನಮ್ಮ ವ್ಯಾನ್ ಡ್ರೈವರ್ ಹಾಗೆ ಆಡುತ್ತಾರೆ. ಅವರ ವ್ಯಾನಿನಲ್ಲಿ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಡಾಂಕಿ’ ಎಂದರೆ ಮಾಡಿದ ತಪ್ಪನ್ನೇ ಮತ್ತೆ ಮತ್ತೆ ಮಾಡುವ ಕತ್ತೆ. ಇಲ್ಲಿ ನಾನು ಯಾರನ್ನೂ ಹೆಸರಿಸುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸ್ಟೋರ್ ಕೀಪರ್ ಅವರೇ, ದಯವಿಟ್ಟು ಕೈ ಕೆಳಗಿಳಿಸಿ.

ಹಾಗಾದರೆ ನಾನು ಯಾರು? ಏಳು ವರ್ಷ ನಾನು ಶಾರ್ಕ್ ಎಂದೇ ನಂಬಿದ್ದೆ. ನನ್ನೆದುರು ಪಣ ಏರಿಸಿದವರಿಗೆ ಮಾರನೆಯ ದಿನ ದಪ್ಪ ಜೀನ್ಸ್ ಬಟ್ಟೆ ಕತ್ತರಿಸುವ ಕೆಲಸ ಬೀಳುತ್ತಿತ್ತು ಎಂದು ಕೆಲವರು ಆಡಿಕೊಳ್ಳುತ್ತಾರೆ. ಕಟಿಂಗ್ ವಿಭಾಗದ ಮೇಲ್ವಿಚಾರಕಿಯಾಗಿ ಹೇಳುತ್ತೇನೆ, ಅದು ಕಾಕತಾಳೀಯ. ನಗಬೇಡಿ. ತಂಗಿ ಇರುವುದು ಗುಂಡಿ ಹೊಲಿಯುವ ವಿಭಾಗದಲ್ಲಿ. ಅವಳಿಗೆ ಜೀನ್ಸ್ ಕೊಡಲು ನನಗೆ ಅಧಿಕಾರವಿಲ್ಲ.

ಫೈನಲ್ಲಿನ ಹಿಂದಿನ ದಿನ ನೀರು ಹಿಡಿಯಲು ಹೋದಾಗ ಪ್ಯಾಕಿಂಗ್‌ನ ಇಬ್ಬರು ಗೋಡೆಯ ಆಚೆ ಮಾತಾಡಿಕೊಳ್ಳುವುದು ಕೇಳಿಸಿತು. “ನಾಳೆ ಸ್ಟೇಷನ್ ಅಕ್ಕಂದು ಆಟ ನೋಡೋಣ ಬಾರೇ.” ಆ ಅಕ್ಕ ನಾನೇ. ಸಭಿಕರೇ, ‘ಕಾಲಿಂಗ್ ಸ್ಟೇಷನ್’ ಎಂಬುದು ಈ ಆಟದಲ್ಲಿ ಮೀನಿಗಿಂತ ಕೀಳು ಹೆಸರು. ಮೀನಿಗೆ ಆಟ ಗೊತ್ತಿಲ್ಲ. ಸ್ಟೇಷನ್‌ಗೆ ಎಲ್ಲ ಗೊತ್ತು, ಆದರೆ ಬಿಡಲಾರದು. ಪಣ ಏರಿಸುವ ಧೈರ್ಯವಿಲ್ಲ, ಎಲೆ ಕೆಳಗಿಡುವ ಮನಸ್ಸಿಲ್ಲ. ಎದುರಿನವರ ಕೈಯಲ್ಲಿ ಏನಿದೆ ಎಂದು ನೋಡಬೇಕು, ನೋಡದಿದ್ದರೆ ನಿದ್ದೆ ಬಾರದು. ಅದಕ್ಕೇ ಕಾಲ್, ಕಾಲ್, ಕಾಲ್.

ನನಗೆ ಇದು ಇಸ್ಪೀಟಿನಿಂದ ಬಂದದ್ದಲ್ಲ. ನಮ್ಮ ಅಮ್ಮ ಒಂದೇ ಮೊಟ್ಟೆ ಬೇಯಿಸಿ, ದಾರದಿಂದ ಎರಡು ಹೋಳು ಮಾಡಿ ಇಬ್ಬರಿಗೂ ಹಾಕುತ್ತಿದ್ದಳು. ನಾನು ನನ್ನ ಅರ್ಧವನ್ನು ತಿಂದದ್ದೇ ನೆನಪಿಲ್ಲ. ತಂಗಿಯ ಅರ್ಧದಲ್ಲಿ ಹಳದಿ ಎಷ್ಟಿತ್ತು ಎಂಬುದು ಮಾತ್ರ ಇವತ್ತಿಗೂ ನೆನಪಿದೆ. “ನಿನ್ನ ತಟ್ಟೆ ನೋಡ್ಕೊಂಡು ಊಟ ಮಾಡೇ” ಎಂದು ಅಮ್ಮ ತಲೆಗೆ ಮೊಟಕುತ್ತಿದ್ದಳು. ಆಮೇಲೆ ಅವಳ ಅಂಕಪಟ್ಟಿ ನೋಡಿದೆ. ಅವಳ ಉದ್ದ ಜಡೆ ನೋಡಿದೆ. ಅವಳ ಗಂಡ ಪಾತ್ರೆ ತೊಳೆದುಕೊಡುವುದನ್ನೂ ನೋಡಿದೆ. ಹೌದು, ನನಗೆ ಹೊಟ್ಟೆಕಿಚ್ಚಿದೆ. ಮೈಕಿನಲ್ಲಿ ಹೇಳಿಯೇಬಿಟ್ಟೆ, ಇನ್ನೇನು ಮಾಡುವುದು?

ಫೈನಲ್ಲಿಗೆ ಬರುತ್ತೇನೆ. ಗೆದ್ದವರೇ ಮುಂದಿನ ತಿಂಗಳು ಬೇರೆ ಕಾರ್ಖಾನೆಗಳವರೆದುರು ನಮ್ಮ ಪರವಾಗಿ ಆಡುವವರು, ಗೆದ್ದವರೇ ಹೊಸಬರಿಗೆ ಕಲಿಸುವವರು. ನನ್ನ ಕೈಯಲ್ಲಿ ಎರಡು ರಾಣಿ. ಮೇಜಿನ ಮೇಲೆ ಇನ್ನೊಂದು ರಾಣಿ. ಮೂರು ರಾಣಿಯರು! ಆದರೆ ಮೇಜಿನ ಮೇಲೆ ಆಟೀನಿನ ಮೂರು ಎಲೆಗಳೂ ಇದ್ದವು. ಐದು ಆಟೀನು ಸೇರಿದರೆ ಮೂರು ರಾಣಿಯರಿಗಿಂತ ಮೇಲು. ತಂಗಿಯ ಕೈಯಲ್ಲಿ ಇನ್ನೆರಡು ಆಟೀನು ಇದ್ದರೆ ನನ್ನ ಕಥೆ ಮುಗಿಯಿತು. ಅವಳು ತನ್ನ ಗುಂಡಿಗಳನ್ನೆಲ್ಲ, ಬಿಳಿ, ಕಂದು, ಒಡೆದದ್ದು, ಒಂದೂ ಬಿಡದೆ ಮುಂದೆ ತಳ್ಳಿದಳು. ಬೇರೆ ದಿನವಾಗಿದ್ದರೆ ಕಣ್ಣುಮುಚ್ಚಿ ಕಾಲ್ ಮಾಡುತ್ತಿದ್ದೆ. ಆದರೆ ಗೋಡೆಯಾಚೆಯ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ನಾನು ಸ್ಟೇಷನ್ ಅಲ್ಲ ಎಂದು ತೋರಿಸಲು, ಜನ್ಮದಲ್ಲಿ ಮೊದಲ ಸಲ, ಮೂರು ರಾಣಿಯರನ್ನು ಕೆಳಗಿಟ್ಟೆ. ಅವಳು ತನ್ನ ಎರಡು ಎಲೆಗಳನ್ನು ಬೋರಲಾಗಿಯೇ ಇಸ್ಪೀಟಿನ ಕಟ್ಟಿನೊಳಗೆ ಸೇರಿಸಿ ಕಲಸಿಬಿಟ್ಟಳು. ಉಳಿದ ನಾಲ್ಕು ಗುಂಡಿ ಇಟ್ಟುಕೊಂಡು ನಾನು ಎಷ್ಟು ಹೊತ್ತು ಆಡಲಿ?

ಅಂದಿನಿಂದ ಇಪ್ಪತ್ಮೂರು ದಿನ ಕೇಳಿದ್ದೇನೆ. ಬಸ್ಸಿನಲ್ಲಿ ಕೇಳಿದೆ, ಫೋನಿನಲ್ಲಿ ಕೇಳಿದೆ, ಅವಳ ಗಂಡನ ಕೈಯಲ್ಲಿ ಕೇಳಿಸಿದೆ. “ಆಟೀನಿತ್ತೇನೇ? ಬರೀ ಬುರುಡೆ ಬಿಟ್ಟೆಯೇನೇ?” ಅವಳು ನಗುತ್ತಾಳೆ. ಮುಂದೆ ನಿಮಗೆ ಕಲಿಸುವವಳೂ ಹೀಗೇ ನಗುತ್ತಾಳೆ, ಹೊಸಬರು ತಯಾರಾಗಿರಿ.

ಇವತ್ತು, ವೇದಿಕೆ ಹತ್ತುವ ಮುಂಚೆ ಕೈತೊಳೆಯುವ ಕೋಣೆಯಲ್ಲಿ ಇಬ್ಬರೇ ಇದ್ದಾಗ, ಕೊನೆಗೂ ಹೇಳಿದಳು.

“ನಾನು ನೋಡ್ಲೇ ಇಲ್ಲ ಅಕ್ಕಾ.”

“ಏನು ನೋಡ್ಲಿಲ್ಲ?”

“ಆ ಎಲೆ. ಮೂಲೆ ಎತ್ತಿದ ಹಾಗೆ ಮಾಡ್ದೆ ಅಷ್ಟೇ. ನಿನ್ನ ಮುಖಾನೇ ನೋಡ್ತಿದ್ದೆ. ನೀನು ನಿನ್ನ ಎಲೇನ ಒಂದ್ಸಲ ನೋಡ್ದೆ, ನನ್ನ ಎಲೇನ ಹತ್ತು ಸಲ ನೋಡ್ದೆ. ಚಿಕ್ಕವಳಿದ್ದಾಗಿಂದ ಗೊತ್ತಲ್ಲ, ನಿಂಗೆ ಎಷ್ಟೇ ಒಳ್ಳೇದು ಸಿಕ್ಕಿರ್ಲಿ, ನನಗೆ ಸಿಕ್ಕಿದ್ದೇ ದೊಡ್ಡದು ಅಂದ್ಕೋತೀಯ.”

ಸಭಿಕರೇ, ಆ ಎರಡು ಎಲೆ ಯಾವುವು ಎಂದು ಇನ್ನು ಈ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ. ಇಟ್ಟುಕೊಂಡಿದ್ದವಳಿಗೇ ಗೊತ್ತಿಲ್ಲ. ಮೂರು ರಾಣಿಯರನ್ನು ನಾನು ಯಾವುದಕ್ಕೆ ಬಿಟ್ಟುಕೊಟ್ಟೆ? ಇಷ್ಟು ವರ್ಷ ಯಾವುದನ್ನು ನೋಡಿ ಉರಿದುಕೊಂಡೆ? ಉತ್ತರ ಹೊಳೆದರೆ ಮುಂದಿನ ವರ್ಷ ಹೇಳುತ್ತೇನೆ, ಕರೆದರೆ.

ಮುಖ್ಯ ಅತಿಥಿಗಳು ಮೂರನೇ ಸಲ ಗಡಿಯಾರ ನೋಡಿದರು. ಇಷ್ಟು ಹೊತ್ತು ತಾಳಿಕೊಂಡ ಮ್ಯಾನೇಜರ್ ಸಾಹೇಬರಿಗೂ, ಕಾರ್ಯದರ್ಶಿಗಳಿಗೂ, ನಿಮಗೆಲ್ಲರಿಗೂ ವಂದನೆ. ಬಾರೇ ಮೇಲೆ, ಬಂದು ಕಪ್ ಇಸ್ಕೋ. ಕೊಡುವಾಗ ನನ್ನ ಮುಖ ಮಾತ್ರ ನೋಡಬೇಡ, ಕಪ್ ನೋಡು.

ನಮಸ್ಕಾರ.