ಮರಳಿ ಬಂದ ಹದಿಮೂರು ವ್ಯಾಗನ್

“ಹಲೋ... ಯಾರು ಮಾತಾಡ್ತಿರೋದು? ... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಎಂಜಿನ್ ಸದ್ದು... ಓ, ವಲೇರಿಯು, ನೀನಾ? ಏನೋ, ಕೆಲಸದ ಹೊತ್ತಲ್ಲಿ ಅಕ್ಕನ ನೆನಪಾಯ್ತಾ?”

ದೊಮ್ನಿಕಾ, ಹಿಂದೆ ಸೋವಿಯತ್ತಿಗೆ ಸೇರಿದ್ದ ಪುಟ್ಟ ದೇಶದ ಗಡಿಯಲ್ಲಿರುವ ಒಕ್ನಿತ್ಸಾ ರೈಲು ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷಗಳಿಂದ ಸರಕಿನ ವ್ಯಾಗನ್ ಎಣಿಸಿ ಬರೆದಿಡುವವಳು. ತಮ್ಮ ವಲೇರಿಯು ರಾಜಧಾನಿ ಕಿಶಿನೌದ ಸರ್ಕಾರಿ ಕಚೇರಿಯಲ್ಲಿ, ದೇಶಕ್ಕೆ ಸಾಲ ಕೊಡುವ ಹೊರದೇಶದವರಿಗೆ ವರದಿ ಬರೆಯುವವನು.

“... ವೈನಾ? ಹಾಂ, ಮಾಸ್ಕೋಗೆ ಹೋಗಿದ್ದ ಹದಿಮೂರು ವ್ಯಾಗನ್ನೂ ವಾಪಸ್ ಬಂತು. ಅಲ್ಲಿ ರೂಬಲ್ ಬಿದ್ದುಹೋಯ್ತಲ್ಲ, ಕೊಳ್ಳೋರೇ ಇಲ್ವಂತೆ.”

“... ಏನಂದೆ? ವಾಪಸ್ ಬಂದಿದ್ದು ಬರೀಬಾರ್ದಾ? ... ಹತ್ತು ದಿನ, ಸಾಲ ಕೊಡೋರು ತೀರ್ಮಾನ ಮಾಡೋವರೆಗೂನಾ? ಸರಿ, ಹತ್ತು ದಿನ ಆದ್ಮೇಲೆ ಅದನ್ನ ಯಾರು ಕುಡೀತಾರೋ?”

“... ‘ಆಮದು-ರಫ್ತಿನಲ್ಲಿ ಕೊರತೆ ಇದೆ, ಆದ್ರೆ ತಾಳಿಕೊಳ್ಳಬಹುದು’ ಅಂತ ಬರೆದಿದ್ದೀಯಾ? ಯಂತ್ರ ತರಿಸ್ತಿದ್ದೀವಿ, ಮುಂದೆ ಅದ್ರಿಂದ್ಲೇ ದುಡೀತೀವಿ ಅಂತಾನಾ? ಯಾವ ಯಂತ್ರನೋ? ನಾನು ಕಂಡಿದ್ದು ಡೀಸೆಲ್ಲು, ಟೈಲ್ಸು, ಕೋಳಿ ಕಾಲು, ಚಾಕ್ಲೇಟು. ಬರೋದು ತುಂಬಿ ಬರುತ್ತೆ, ಹೋಗೋದ್ರಲ್ಲಿ ಅರ್ಧ ಖಾಲಿ. ಸೋವಿಯತ್ ಹೋಗಿ ಏಳು ವರ್ಷ, ಹೀಗೇ ಅಲ್ವಾ? ಆ ಖಾಲಿನೆಲ್ಲ ತುಂಬಿಸಿದ್ದು ಹೊರಗಿನೋರ ಸಾಲ.”

“... ಗೊತ್ತು ಕಣೋ. ಅವರು ಕೈಬಿಟ್ರೆ ಚಳಿಗಾಲಕ್ಕೆ ಗ್ಯಾಸ್ ಇಲ್ಲ. ಹೋದ ಜನವರೀಲಿ ನಾನು ಕೋಟು ಹಾಕ್ಕೊಂಡೇ ಒಲೆ ಮುಂದೆ ಜೋಳದ ಹಿಟ್ಟಿನ ಮಮಲಿಗಾ ಮುದ್ದೆ ತಿರುವ್ತಿದ್ದೆ... ಅಳ್ತಿದ್ದೀಯಾ? ... ಇಲ್ವಾ? ಸರಿ.”

ಅವನು ಅಳುತ್ತಿದ್ದ. ಚಿಕ್ಕಂದಿನಲ್ಲೂ ಅವನು ಹೀಗೇ, ಉಸಿರು ಬಿಗಿಹಿಡಿದು ಅಳುವವನು. ಆದರೂ ದೊಮ್ನಿಕಾಗೆ ಮುಂದಿನದನ್ನು ಹೇಳದೆ ವಿಧಿಯಿರಲಿಲ್ಲ.

“ವಲೇರಿಯು, ಕೇಳು. ವ್ಯಾಗನ್ ವಾಪಸ್ ಬಂದಿದ್ದನ್ನ ನಾನು ರಿಜಿಸ್ಟರಲ್ಲಿ ಬರೆದಾಯ್ತು... ಹೇಗೋ ಅಳಿಸೋದು? ಅದರ ಪ್ರತಿ ಬೆಳಗಿನ ರೈಲಲ್ಲೇ ಹೋಯ್ತು... ಯಾರಿಗಂದ್ರೆ? ನಿಮ್ಮ ಸಾಹೇಬ್ರಿಗೇ. ನಿನ್ನೆ ಅವರೇ ಫೋನ್ ಮಾಡಿ, ‘ನೇರ ನನ್ನ ಕೈಗೇ ಬರ್ಲಿ’ ಅಂದ್ರು... ನಿಂಗೆ ಹೇಳ್ಲಿಲ್ವಾ?”

ದೊಮ್ನಿಕಾ ರಿಜಿಸ್ಟರ್ ಮುಚ್ಚಿ ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

“... ಅಂದ್ರೆ, ವ್ಯಾಗನ್ ವಾಪಸ್ ಬಂದಿದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ ಕೈಲಿ ಸುಳ್ಳು ಬರೆಸಿದ್ರು. ... ವರದಿ ಸಾಲದವರಿಗೆ ಕೊಟ್ಟುಬಿಟ್ಯಾ? ... ಅದರ ಮೇಲೆ ನಿನ್ನ ಸಹಿ ಮಾತ್ರನಾ? ಸಾಹೇಬ್ರದ್ದಿಲ್ವಾ? ಹಾಗಾದ್ರೆ ಸಿಕ್ಕಿಬೀಳೋದು ನೀನೊಬ್ಬನೇ ಕಣೋ.”

“... ಯಾರದು, ನಿನ್ ಬಾಗಿಲು ಬಡೀತಿರೋದು? ... ಪೊಲೀಸ್ರಾ? ಎಷ್ಟು ಜನ? ... ಫೋನ್ ಇಡ್ಬೇಡ ಕಣೋ, ಅವರ ಎದುರಿಗೇ ನನ್ನ ಜೊತೆ ಮಾತಾಡ್ತಾ ಇರು, ವಲೇ...”

ಲೈನ್ ಕಡಿದುಹೋಯಿತು.