ಕಂಬದ ಮೇಲಿನ ಸೀಮೆಸುಣ್ಣ

ಸ್ಟುಟ್‌ಗಾರ್ಟಿನಾಚೆ, ದ್ರಾಕ್ಷಿತೋಟದ ಕೆಳಗಿನ ವಾಲ್‌ಬುರ್ಗಾಳ ವೈನಂಗಡಿಯಲ್ಲಿ, ಮಳೆಗೆ ಸಿಕ್ಕಿಬಿದ್ದವರೆಲ್ಲ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದರು. ಅವಳು ಬಿಸಿ ಈರುಳ್ಳಿ ಕೇಕಿನ ತಟ್ಟೆಯನ್ನು ತನ್ನ ತಾತ ಗೊಟ್‌ಲೋಬನ ಮುಂದಿಟ್ಟು, "ತಿಂದಿದ್ದಕ್ಕೆ ಕೂಲಿಯಾಗಿ ಆ ಕಾರಿನ ಕತೆ ಹೇಳು" ಎಂದಳು. ಚಿಕ್ಕಂದಿನಿಂದ ಕೇಳಿ ಅವಳಿಗೆ ಅದು ಬಾಯಿಪಾಠವಾಗಿತ್ತು.

"ಕೇಳಿ ಮತ್ತೆ. ಎಪ್ಪತ್ಮೂರನೇ ಇಸವಿ. ನಾನು ಮೆಕ್ಯಾನಿಕ್ ಆಗಿದ್ದ ಕಾರ್ಖಾನೆಯ ರೇಸ್ ಕಾರು... ಸಾವಿರದ ನೂರು ಕುದುರೆ ಶಕ್ತಿ, ಹಿಂದೆ ಎರಡು ಟರ್ಬೊ. ಅದರ ಬುದ್ಧಿ ಏನು ಗೊತ್ತಾ? ಆಕ್ಸಿಲರೇಟರ್ ಒತ್ತಿದ್ರೆ ಮುದಿ ಎತ್ತಿನ ಥರ ಯೋಚನೆ ಮಾಡೋದು... ಒಂದು... ಎರಡು... ಆಮೇಲೆ ಒದೆಯೋದು ನೋಡಿ, ಬೆನ್ನು ಸೀಟಿನೊಳಗೇ ಇಳಿದುಹೋಗ್ಬೇಕು. ಹಂಗಾಗಿ ತಿರುವು ಮುಗಿಯೋಕೆ ಮುಂಚೆನೇ ಒತ್ತಬೇಕು. ಎಲ್ಲಿ ಒತ್ತಬೇಕು ಅನ್ನೋದು ನಮ್ಮ ಡ್ರೈವರ್ ಅಲೋಯ್ಸ್ ಒಬ್ಬನಿಗೇ ಗೊತ್ತಿತ್ತು. ಊರಾಚೆ ಟ್ರ್ಯಾಕಿನ ಒಂದೊಂದು ತಿರುವಿನ ಕಂಬಕ್ಕೂ ಸೀಮೆಸುಣ್ಣದಲ್ಲಿ ಗೀಟು ಎಳೆದಿಟ್ಟಿದ್ದ.

"ಒಂದು ಭಾನುವಾರ ಊಟ ಮಾಡ್ತಾ ಮಾಡ್ತಾನೇ ಹೋಗ್ಬಿಟ್ಟ, ಪುಣ್ಯಾತ್ಮ. ಆ ವಾರ ಟ್ರ್ಯಾಕು ಗುಡಿಸಿ ತೊಳೆಯೋ ಸರದಿ ನಂದು. ನಮ್ಮ ಸೀಮೆಯೋರಿಗೆ ವಾರದ ಗುಡಿಸೋ ಸರದಿ ಬಂತು ಅಂದ್ರೆ ಸಾವೂ ಅಡ್ಡ ಬರಲ್ಲ. ದುಃಖದಲ್ಲಿ ಬಕೆಟ್ ಹಿಡಿದು ಉಜ್ಜಿದೆ ನೋಡಿ... ಕಂಬಗಳೆಲ್ಲ ಥಳಥಳ. ಗೀಟುಗಳೂ ಹೋದ್ವು.

"ಹೊಸ ಡ್ರೈವರ್ ಕೂನೊ ಬಂದ. ಮೂರು ಸಲ ಕಾರಿನ ಸಮೇತ ಗಿರ್ರಂತ ತಿರುಗಿ ಹುಲ್ಲಿನ ಮೇಲೆ ಕೂತ. ನಾಳೆ ನೆಟ್ಟಗೆ ಓಡದಿದ್ರೆ ಅಮೆರಿಕದ ರೇಸಿಗೆ ಹಡಗು ಹತ್ತಿಸೋದು ಬೇಡ, ಬಿಚ್ಚಿಹಾಕಿ ಅಂದ್ರು ಮೇಲಿನವರು. ಎರಡು ವರ್ಷ ಈ ಕೈಯಾರೆ ಕಟ್ಟಿದ ಕಾರು... ಹಾಳಾಗಿದ್ದು ಯಾವುದರಿಂದ? ನನ್ನ ಒದ್ದೆ ಬಟ್ಟೆಯಿಂದ.

"ಬೆಳಿಗ್ಗೆ ಇದೇ ಥರ ಮಳೆ. ಹೋಗಿ ನೋಡ್ತೀನಿ... ಕಂಬಕಂಬಕ್ಕೂ ಗೀಟು. ನೀರು ಸುರೀತಿದೆ, ಸುಣ್ಣ ಕರಗ್ತಿಲ್ಲ. ಮೊದಲನೇ ಕಂಬದ ಮೇಲೆ ಅಲೋಯ್ಸನ ಅದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ: 'ಕತ್ತೆ, ಇನ್ನೊಂದ್ಸಲ ಉಜ್ಜು, ತೋರಿಸ್ತೀನಿ.' ನನಗೆ ಹೆದರಿಕೆ ಆಗ್ಬೇಕಿತ್ತು ತಾನೆ? ಬಿದ್ದು ಬಿದ್ದು ನಕ್ಕೆ. ಮಧ್ಯಾಹ್ನ ರಸ್ತೆ ಒಣಗ್ತು, ಕೂನೊ ಗೀಟು ನೋಡ್ಕೊಂಡು ಒತ್ತಿದ... ಕಾರು ಹಾಡ್ಕೊಂಡು ಹೋಯ್ತು. ಹಡಗೂ ಹತ್ತಿತು, ಅಲ್ಲಿ ಗೆದ್ದೂ ಗೆದ್ದಿತು."

ಎಲ್ಲರೂ ಮೇಜು ಕುಟ್ಟಿ ನಕ್ಕರು. ಕತೆ ಮುಗಿಯುವುದೇ ಇಲ್ಲಿ ಎಂದು ವಾಲ್‌ಬುರ್ಗಾ ಲೋಟ ತುಂಬಲು ಎದ್ದಳು. ತಾತ ಅವಳ ಕೈ ಹಿಡಿದು ಕೂರಿಸಿದ.

"ಎಲ್ಲಿಗೆ ಹೊರಟೆ ಮಗಳೇ? ಈಗಲೂ ನಾನು ವರ್ಷಕ್ಕೊಂದ್ಸಲ ಹೋಗಿ ಉಜ್ಜಿ ಬರ್ತೀನಿ, ಅವನನ್ನ ರೇಗಿಸೋಕೆ. ಬೆಳಗಾಗೋದ್ರೊಳಗೆ ಎಲ್ಲ ಮತ್ತೆ ಬಂದಿರ್ತವೆ. ಮೊನ್ನೆ ಮಾತ್ರ ಒಂದು ಗೀಟು ಜಾಸ್ತಿ ಬಂದಿದೆ... ಟ್ರ್ಯಾಕಿನಲ್ಲಲ್ಲ, ನನ್ನ ಮಂಚದ ಪಕ್ಕದ ಗೋಡೆ ಮೇಲೆ. ಅವನು ಯಾವತ್ತೂ ತಿರುವು ಮುಗಿಯೋಕೆ ಸ್ವಲ್ಪ ಮುಂಚೆನೇ ಗುರುತು ಹಾಕೋನು, ಅಲ್ವಾ?"

ತಾತ ನಗುತ್ತಲೇ ಖಾಲಿ ತಟ್ಟೆಯನ್ನು ಅವಳತ್ತ ತಳ್ಳಿದ.

"ಇನ್ನೊಂದು ತುಂಡು ಹಾಕು. ಬೇಗ."